ಕಡಲಡಿಯ ನೇಗಿಲು

ದೋಣಿಯ ಮೂತಿಯಲ್ಲಿ ನಿಂತವರು ಕೈಯನ್ನು ಎಡಕ್ಕೆ ಚಾಚುತ್ತಾರೆ, ಆಮೇಲೆ ತುಸು ಬಲಕ್ಕೆ. ಹಿಂದೆ ಚುಕ್ಕಾಣಿ ಹಿಡಿದವರ ಕಣ್ಣು ಆ ಕೈಯ ಮೇಲೆಯೇ. ಹಾಯಿಗಳನ್ನು ಆಗಲೇ ಇಳಿಸಿಯಾಗಿದೆ. ಸಣ್ಣ ಎಂಜಿನ್ನಿನ ಬಲದಲ್ಲಿ ದೋಣಿ ನಡಿಗೆಯ ವೇಗದಲ್ಲಿ ತೆವಳುತ್ತಿದೆ. ಎದುರಿಗಿರುವುದು ಎಸ್ಪಲ್ಮದೋರ್, ಸ್ಪೇನಿನ ಇಬಿಝಾ ಮತ್ತು ಫೊರ್ಮೆಂಟೆರಾಗಳ ನಡುವಿನ ಪುಟ್ಟ ದ್ವೀಪ. ಈ ತುದಿಯಿಂದ ಆ ತುದಿಗೆ ಮೂರು ಕಿಲೋಮೀಟರೂ ಇಲ್ಲ. ಅದರ ಮರಳ ದಂಡೆಯ ಮುಂದೆ ರಾತ್ರಿ ತಂಗಬೇಕು.

ಮೂತಿಯಲ್ಲಿ ನಿಂತವರು ಹುಡುಕುತ್ತಿರುವುದು ಒಂದು ಬಣ್ಣವನ್ನು. ನೀರು ಕೆಲವೆಡೆ ತಿಳಿನೀಲಿ, ಪಕ್ಕದಲ್ಲೇ ಮಸಿ ಚೆಲ್ಲಿದಂತೆ ಕಪ್ಪು. ಆಳ ಎರಡೂ ಕಡೆ ಐದು ಮೀಟರೇ. ತಳದಲ್ಲಿ ಬಿಳಿ ಮರಳಿದ್ದರೆ ಬಿಸಿಲು ಅದಕ್ಕೆ ಬಡಿದು ಮೇಲಕ್ಕೆ ಮರಳುತ್ತದೆ. ಬರುವ ದಾರಿಯಲ್ಲಿ ನೀರು ಕೆಂಪನ್ನು ಹೀರಿಕೊಂಡು ನೀಲಿ, ಹಸಿರುಗಳನ್ನಷ್ಟೇ ಬಿಟ್ಟುಕೊಡುತ್ತದೆ. ಕಪ್ಪಾಗಿ ಕಾಣುವಲ್ಲಿ ಬಂಡೆ ಇದೆ, ಇಲ್ಲವೇ ಹುಲ್ಲಿದೆ. ಲಂಗರು ಬೀಳಬೇಕಾದ್ದು ತಿಳಿನೀಲಿಯ ಮೇಲೆ.

ಲಂಗರು ಎಂದೊಡನೆ ನಮ್ಮ ತಲೆಗೆ ಬರುವುದು ಭಾರ. ಭಾರವಾದದ್ದನ್ನು ಹಗ್ಗಕ್ಕೆ ಕಟ್ಟಿ ಮುಳುಗಿಸಿದರೆ ದೋಣಿ ನಿಂತಿತು. ಹೊಳೆಯ ಪುಟ್ಟ ದೋಣಿಗೆ ಕಲ್ಲು ಸಾಕಾಗುವುದೂ ನಿಜ. ಆದರೆ 35 ಅಡಿ ಉದ್ದದ ಹಾಯಿದೋಣಿಯ ಲೆಕ್ಕ ನೋಡಿ. ಹಾಯಿ ಇಳಿಸಿದರೂ ಅದರ ಒಡಲಿಗೆ, ಕೂವೆಮರಕ್ಕೆ, ಹಗ್ಗಗಳಿಗೆ ಗಾಳಿ ಬಡಿಯುತ್ತಲೇ ಇರುತ್ತದೆ. ಗಂಟೆಗೆ 28 ಕಿಲೋಮೀಟರ್ ವೇಗದ ಗಾಳಿಯಲ್ಲಿ ಸರಪಳಿಯ ಮೇಲಿನ ಎಳೆತ ಸುಮಾರು 100 ಕಿಲೋ ತೂಕದಷ್ಟಿರಬಹುದು ಎಂದು ಹಿಡಿಯುವುದು ವಾಡಿಕೆ. ಗಾಳಿಯ ವೇಗ ಇಮ್ಮಡಿಯಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ, ಅಂದರೆ 400 ಕಿಲೋ. ಅಂಥ ದೋಣಿಯಲ್ಲಿರುವ ಲಂಗರು ಎಷ್ಟು ತೂಗುತ್ತದೆ? ಹದಿನೈದರಿಂದ ಇಪ್ಪತ್ತು ಕಿಲೋ, ಒಂದು ಅಕ್ಕಿಚೀಲದಷ್ಟು. ಅದರಲ್ಲೂ ಎಂಟನೇ ಒಂದು ಪಾಲನ್ನು ನೀರೇ ಎತ್ತಿ ಹಿಡಿಯುತ್ತದೆ. ಬರೀ ತೂಕದ ಮಾತಾದರೆ ಈ ಕಬ್ಬಿಣವನ್ನು ದೋಣಿ ಆಟಿಕೆಯಂತೆ ಎಳೆದುಕೊಂಡು ಹೋಗಬೇಕಿತ್ತು.

ಹೋಗುವುದಿಲ್ಲ, ಏಕೆಂದರೆ ಲಂಗರು ನೆಲದ ಮೇಲೆ ಕೂರುವ ವಸ್ತುವೇ ಅಲ್ಲ. ನೆಲದೊಳಗೆ ಇಳಿಯುವ ನೇಗಿಲು. ಇದು ಬರೀ ಹೋಲಿಕೆಗೆ ಹೇಳಿದ ಮಾತಲ್ಲ. 1933ರಲ್ಲಿ ಕೇಂಬ್ರಿಜ್‌ನ ಭೌತವಿಜ್ಞಾನಿ ಜೆಫ್ರಿ ಇಂಗ್ರಮ್ ಟೇಲರ್ ರೂಪಿಸಿದ ಲಂಗರಿನ ಮೂತಿ ಅಕ್ಷರಶಃ ನೇಗಿಲ ಗುಳದಂತಿದೆ. ದ್ರವಗಳ ಸುಳಿ, ಪ್ರಕ್ಷುಬ್ಧ ಹರಿವು, ಲೋಹಗಳು ಬಾಗುವ ಬಗೆ ಇವೆಲ್ಲವುಗಳ ಅಧ್ಯಯನದಲ್ಲಿ ಹೆಸರು ಮಾಡಿದ ಮನುಷ್ಯ. ಬಿಡುವಿನಲ್ಲಿ ಹಾಯಿದೋಣಿಯ ಹುಚ್ಚು. ಹಳೆಯ ಲಂಗರಿನಲ್ಲಿ ಎರಡು ಕೊಕ್ಕೆಗಳಿದ್ದು ಒಂದು ನೆಲ ಕಚ್ಚಿದರೆ ಇನ್ನೊಂದು ಮೇಲಕ್ಕೆ ಚಾಚಿ ಸುಮ್ಮನಿರುತ್ತಿತ್ತು, ದೋಣಿ ತಿರುಗಿದಾಗ ಸರಪಳಿ ಅದಕ್ಕೇ ಸುತ್ತಿಕೊಳ್ಳುತ್ತಿತ್ತು. ಟೇಲರ್ ಅದರ ಬದಲು ಒಂದೇ ಗುಳವಿಟ್ಟು, ಎಳೆದಷ್ಟೂ ಆಳಕ್ಕಿಳಿಯುವಂತೆ ಅದರ ಕೋನವನ್ನು ಲೆಕ್ಕ ಹಾಕಿದರು. ನೀರಿನ ಮೇಲೆ ಇಳಿಯುವ ವಿಮಾನಗಳಿಗೆ ಹಗುರ ಲಂಗರು ಬೇಕಿದ್ದ ಕಾಲ ಅದು. ಟೇಲರ್ ಲಂಗರಿಗೆ ಸಿ.ಕ್ಯು.ಆರ್. ಎಂದು ಹೆಸರಾಯಿತು. ಇಂಗ್ಲಿಷಿನಲ್ಲಿ ಈ ಮೂರು ಅಕ್ಷರಗಳನ್ನು ಬೇಗ ಹೇಳಿದರೆ 'ಸೆಕ್ಯೂರ್', ಅಂದರೆ ಭದ್ರ, ಎಂದು ಕೇಳಿಸುತ್ತದೆ. ಮುಂದೆ ಇನ್ನೂ ಚೆನ್ನಾಗಿ ಕಚ್ಚುವ ಮಾದರಿಗಳು ಬಂದವು, ಈಗಿನವು ಹೆಚ್ಚಾಗಿ ಸನಿಕೆಯಂತೆ ಒಳಬಾಗಿದವು. ಆದರೂ ಮೂಲ ಉಪಾಯ ಆ ಗುಳದ್ದೇ.

ಉಳುವವರಿಗೆ ಮುಂದಿನ ಸಂಗತಿ ತಾನಾಗಿಯೇ ಹೊಳೆದೀತು. ಈಸನ್ನು ನೆಲಕ್ಕೆ ಸಮನಾಗಿ ಎಳೆದಾಗ ಗುಳ ಮಣ್ಣನ್ನು ಕಚ್ಚುತ್ತದೆ, ಮೇಲಕ್ಕೆತ್ತಿ ಎಳೆದರೆ ಕಿತ್ತುಕೊಂಡು ಬರುತ್ತದೆ. ಲಂಗರನ್ನೂ ನೆಲಕ್ಕೆ ಸಮನಾಗಿಯೇ ಎಳೆಯಬೇಕು. ಆದರೆ ಎಳೆಯುವ ದೋಣಿ ಇರುವುದು ಮೇಲೆ, ನೀರಿನ ನೆತ್ತಿಯಲ್ಲಿ! ಹಾಗಾಗಿ ಉದ್ದುದ್ದ ಸರಪಳಿ. ಆಳ ಐದು ಮೀಟರ್, ದೋಣಿಯ ಮೂತಿ ನೀರಿನಿಂದ ಒಂದು ಮೀಟರ್ ಎತ್ತರ, ಒಟ್ಟು ಆರು. ಅದರ ಐದು ಪಟ್ಟು, ಅಂದರೆ 30 ಮೀಟರ್ ಸರಪಳಿ ಬಿಡಬೇಕೆಂಬುದು ನಾವಿಕರ ರೂಢಿಯ ಲೆಕ್ಕ. ಮೂರು ಪಟ್ಟು ಮಾತ್ರ ಬಿಟ್ಟು ಸರಪಳಿ ಬಿಗಿದು ನೇರವಾದರೆ ಲಂಗರಿನ ಮೇಲಿನ ಎಳೆತ ನೆಲಕ್ಕೆ 19 ಡಿಗ್ರಿ ಕೋನದಲ್ಲಿರುತ್ತದೆ. ಐದು ಪಟ್ಟಾದರೆ ಹನ್ನೊಂದೂವರೆ, ಏಳು ಪಟ್ಟಾದರೆ ಎಂಟು ಡಿಗ್ರಿ.

ಸರಪಳಿಗೆ ತನ್ನದೇ ತೂಕವಿರುವುದರಿಂದ ಸಾಮಾನ್ಯವಾಗಿ ಅದು ನೇರವಾಗುವುದೇ ಇಲ್ಲ. ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತು ಬಿದ್ದು, ಲಂಗರಿನ ಬಳಿಯ ತುದಿ ನೆಲದ ಮೇಲೆ ಮಲಗಿರುತ್ತದೆ. 10 ಮಿಲಿಮೀಟರ್ ದಪ್ಪದ ಸರಪಳಿ ನೀರಿನಲ್ಲಿ ಮೀಟರಿಗೆ ಸುಮಾರು 2 ಕಿಲೋ ತೂಗುತ್ತದೆ. ಈ ಆರು ಮೀಟರ್ ಎತ್ತರಕ್ಕೆ, 100 ಕಿಲೋ ಎಳೆತಕ್ಕೆ, ತುದಿ ನೆಲ ಬಿಟ್ಟೇಳದಿರಲು ಎಷ್ಟು ಸರಪಳಿ ಬೇಕೆಂದು ಗುಣಿಸಿ ನೋಡಿದರೆ 25 ಮೀಟರ್ ಬರುತ್ತದೆ. ಬಿಟ್ಟಿರುವ ಮೂವತ್ತು ಸಾಕು. ಗಾಳಿ ಇಮ್ಮಡಿಸಿ ಎಳೆತ 400 ಕಿಲೋ ಆದಾಗ ಬೇಕಾಗುವುದು 49 ಮೀಟರ್. ಸಂಜೆಯ ತಂಗಾಳಿಯಲ್ಲಿ ಭದ್ರವಾಗಿದ್ದ ದೋಣಿ ನಡುರಾತ್ರಿಯ ಬಿರುಗಾಳಿಗೆ ಜಾರಲು ಕಾರಣ ಈ ಎರಡು ಅಂಕಿಗಳ ನಡುವಿದೆ. ಸರಪಳಿಯ ಜೋತು ಮುಗಿದ ಮೇಲೆ ಅಲೆಯ ಪ್ರತಿ ಏಟೂ ನೇರ ಲಂಗರಿಗೇ ತಗಲುತ್ತದೆ. ಆ ಏಟನ್ನು ನುಂಗಲೆಂದು ಸರಪಳಿಯ ಮೇಲ್ತುದಿಗೆ ಒಂದಷ್ಟು ನೈಲಾನ್ ಹಗ್ಗ ಸೇರಿಸುತ್ತಾರೆ, ನೈಲಾನ್ ಹಿಗ್ಗುತ್ತದೆ.

ಭೂಮಧ್ಯ ಸಮುದ್ರದಲ್ಲಿ ಭರತ ಇಳಿತ ಅತ್ಯಲ್ಪ, ಈ ಲೆಕ್ಕದಲ್ಲಿ ಅದನ್ನು ಬಿಟ್ಟರೂ ನಡೆಯುತ್ತದೆ. ನಮ್ಮ ಕಾರವಾರದ ಕಡೆ ಹಾಗಲ್ಲ. ಅಲ್ಲಿನ ಅಂಜದೀವ್ ದ್ವೀಪದ ಮರೆಯಲ್ಲಿ 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳೂ ತಂಗಿದ್ದುಂಟು. ಆ ನೀರಿನಲ್ಲಿ ಇಳಿತದ ಹೊತ್ತು ನಾಲ್ಕು ಮೀಟರ್ ಆಳ ನೋಡಿ, ಮೂತಿಯ ಎತ್ತರ ಸೇರಿಸಿ ಐದಕ್ಕೆ 25 ಮೀಟರ್ ಸರಪಳಿ ಬಿಟ್ಟು ಮಲಗಿದಿರಿ ಎನ್ನಿ. ಭರತಕ್ಕೆ ನೀರು ಒಂದೂವರೆ ಮೀಟರ್ ಏರಿದರೆ ಐದು ಪಟ್ಟಿದ್ದದ್ದು ನಾಲ್ಕು ಪಟ್ಟಿಗಿಂತ ಕೆಳಗಿಳಿಯಿತು. ಯಾರೂ ಏನೂ ಮಾಡಲಿಲ್ಲ, ಕೋನ ಮಾತ್ರ ಬದಲಾಯಿತು.

ಇಷ್ಟೆಲ್ಲ ಎಳೆತವನ್ನು ಸಡಿಲ ಮರಳು ತಡೆಯುವುದಾದರೂ ಹೇಗೆ? ಉತ್ತರ ಮಲ್ಪೆಯಲ್ಲೋ ಗೋಕರ್ಣದಲ್ಲೋ ನಿಮ್ಮ ಕಾಲಡಿಯಲ್ಲೇ ಸಿಗುತ್ತದೆ. ಅಲೆ ಈಗಷ್ಟೇ ಹಿಂದೆ ಸರಿದ ಗಟ್ಟಿ ಮರಳಿನ ಮೇಲೆ ಪಾದ ಊರಿ ನೋಡಿ. ಪಾದದ ಸುತ್ತ ಮರಳು ಫಕ್ಕನೆ ಬಿಳಿಚಿ ಒಣಗಿದಂತಾಗುತ್ತದೆ, ತುಸು ಹೊತ್ತಿಗೆ ಮತ್ತೆ ಒದ್ದೆ. ತೂಕ ಬಿದ್ದರೆ ನೀರು ಹೊರಗೆ ಚಿಮ್ಮಬೇಕಿತ್ತಲ್ಲ! 1885ರಲ್ಲಿ ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ ಇದನ್ನು ವಿವರಿಸಿದರು. ಒತ್ತೊತ್ತಾಗಿ ಕೂತ ಮರಳಿನ ಕಣಗಳು ಅಲುಗಬೇಕಾದರೆ ಒಂದರ ಮೇಲೊಂದು ಹತ್ತಿ ಇಳಿಯಬೇಕು. ಆಗ ಅವುಗಳ ನಡುವಿನ ಜಾಗ ಹಿಗ್ಗುತ್ತದೆ, ಮೇಲಿನ ನೀರು ಆ ಜಾಗಕ್ಕೆ ಇಳಿಯುತ್ತದೆ. ಕಡಲಡಿಯಲ್ಲೂ ಇದೇ. ಗುಳ ಎಳೆದಾಗ ಅದರ ಮುಂದಿನ ಮರಳು ಹಿಗ್ಗಲು ನೋಡುತ್ತದೆ, ಸಂದಿಗಳಿಗೆ ನೀರು ನುಗ್ಗುವ ತನಕ ಅಲ್ಲಿನ ಒತ್ತಡ ಕುಸಿದು ಕಣಗಳು ಒಂದನ್ನೊಂದು ಬಿಗಿದು ಹಿಡಿಯುತ್ತವೆ. ಹಠಾತ್ ಎಳೆತಕ್ಕೆ ಗಟ್ಟಿ ಮರಳು ಕ್ಷಣಕಾಲ ಮತ್ತಷ್ಟು ಗಟ್ಟಿಯಾಗುತ್ತದೆ. ಲಂಗರನ್ನು ಕಚ್ಚಿಸುವಾಗ ಆತುರ ಕೂಡದು ಎಂದು ಬಲ್ಲವರು ಹೇಳುವುದಕ್ಕೂ ಇದಕ್ಕೂ ನಂಟಿರಬೇಕು. ಮೂತಿಯನ್ನು ಗಾಳಿಗೆ ಎದುರಾಗಿಟ್ಟು ಲಂಗರನ್ನು ತಳ ಮುಟ್ಟಿಸುತ್ತಾರೆ. ದೋಣಿ ಹಿಂದಕ್ಕೆ ಸರಿದಂತೆ ಸರಪಳಿಯನ್ನು ಗುಡ್ಡೆಯಾಗದಂತೆ ಹಾಸುತ್ತಾರೆ. ಕೊನೆಗೆ ಎಂಜಿನ್ನನ್ನು ಹಿಮ್ಮುಖವಾಗಿ, ಮೆಲ್ಲಗೆ ಶುರುಮಾಡಿ, ಬಲ ಏರಿಸುತ್ತಾರೆ. ದಂಡೆಯ ಒಂದು ಮರವೂ ಅದರ ಹಿಂದಿನ ಗುಡ್ಡದ ಗುರುತೂ ಒಂದೇ ಗೆರೆಯಲ್ಲಿ ನಿಂತಿದ್ದರೆ ಲಂಗರು ಕಚ್ಚಿದೆ. ಗೆರೆ ಕದಲಿದರೆ ದೋಣಿ ಜಾರುತ್ತಿದೆ.

ಇನ್ನು ಆ ಕಪ್ಪು ತೇಪೆಗಳ ವಿಚಾರ. ಎಸ್ಪಲ್ಮದೋರಿನ ಸುತ್ತ ಅದು ಪೊಸಿಡೋನಿಯ ಓಷಿಯಾನಿಕ ಎಂಬ ಹುಲ್ಲು. ಪಾಚಿಯೆಂದು ತಿಳಿಯುವವರೇ ಹೆಚ್ಚು; ಅದು ಬೇರು, ಎಲೆ, ಹೂವು, ಕಾಯಿ ಎಲ್ಲ ಇರುವ ಗಿಡ. ನೆಲದಡಿ ಶುಂಠಿಯಂತೆ ಗೆಡ್ಡೆಕಾಂಡ ಹರಡಿಕೊಂಡು ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಮುಂದುವರಿಯುತ್ತದೆ. ಫೊರ್ಮೆಂಟೆರಾದ ಸಮೀಪ 15 ಕಿಲೋಮೀಟರ್ ಅಂತರದ ಎರಡು ಕಡೆ ಕಿತ್ತ ಚಿಗುರುಗಳು ತಳಿಗುಣದಲ್ಲಿ ಒಂದೇ ಗಿಡದವೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಷ್ಟು ನಿಧಾನದ ಗಿಡ ಅಷ್ಟು ದೂರ ಹಬ್ಬಿರಬೇಕಾದರೆ ಅದರ ವಯಸ್ಸನ್ನು ಸಾವಿರಗಳಲ್ಲಿ, ಪ್ರಾಯಶಃ ಹತ್ತಾರು ಸಾವಿರಗಳಲ್ಲಿ ಎಣಿಸಬೇಕು. ಯುನೆಸ್ಕೊ 1999ರಲ್ಲಿ ಇಬಿಝಾವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಹುಲ್ಲುಗಾವಲೂ ಅದಕ್ಕೊಂದು ಕಾರಣವಾಗಿತ್ತು. ನಾವಿಕರು ಕಣ್ಣಿಡುವ ಬಿಳಿ ಮರಳಿನ ಬಹುಪಾಲು ಈ ಹುಲ್ಲಿನ ನಡುವೆ ಬಾಳಿದ ಜೀವಿಗಳ ಚಿಪ್ಪಿನ ಪುಡಿ.

ಈ ಹುಲ್ಲಿನ ಮೇಲೆ ಬಿದ್ದ ಲಂಗರು ಒಂದೋ ಎಲೆಗಳ ಮೇಲೆ ಜಾರುತ್ತದೆ, ಇಲ್ಲವೇ ಗೆಡ್ಡೆಗೆ ಸಿಕ್ಕಿಕೊಂಡು ಕಚ್ಚಿದಂತೆ ನಟಿಸಿ, ಗಾಳಿ ಜೋರಾದಾಗ ಬುಡಸಮೇತ ಕಿತ್ತುಬರುತ್ತದೆ. ಅದಕ್ಕಿಂತ ಹೆಚ್ಚಿನ ಕೇಡು ಮಾಡುವುದು, ನನಗನಿಸುವಂತೆ, ಯಾರ ಕಣ್ಣಿಗೂ ಬೀಳದ ಸರಪಳಿ. ಹಗಲು ಕಡಲಿನಿಂದ ಬೀಸಿದ ಗಾಳಿ ರಾತ್ರಿ ನೆಲದ ಕಡೆಯಿಂದ ಬೀಸುತ್ತದೆ, ದೋಣಿ ಲಂಗರಿನ ಸುತ್ತ ಅರ್ಧ ಸುತ್ತು ಹೊಡೆಯುತ್ತದೆ, ಮಲಗಿದ್ದ ಸರಪಳಿ ಕುಡುಗೋಲಿನಂತೆ ನೆಲ ಸವರುತ್ತದೆ. ಇಬಿಝಾ, ಫೊರ್ಮೆಂಟೆರಾಗಳೂ ಸೇರಿದ ಬಾಲಿಯಾರಿಕ್ ದ್ವೀಪಗಳ ಸರ್ಕಾರ 2018ರ ಆಜ್ಞೆಯಲ್ಲಿ ಪೊಸಿಡೋನಿಯದ ಮೇಲೆ ಲಂಗರು ಹಾಕುವುದನ್ನು ನಿಷೇಧಿಸಿದಾಗ, ಸರಪಳಿ ತಾಗುವ ಜಾಗವೂ ಲೆಕ್ಕಕ್ಕೆ ಬಂತು.

ಮೂವತ್ತು ಮೀಟರ್ ಸರಪಳಿ, ಅದರ ಹಿಂದೆ ಹತ್ತು ಮೀಟರಿನಷ್ಟು ದೋಣಿ. ಸುತ್ತು ಹೊಡೆದರೆ ದೋಣಿ ತಿರುಗುವ ವೃತ್ತವೇ ಎಂಬತ್ತು ಮೀಟರ್ ಅಗಲ, ಸರಪಳಿ ಸವರುವುದು ಅರವತ್ತು. ಕೈ ಚಾಚಿ ನಿಂತವರು ಈಗ ಬಗ್ಗಿ ನೀರೊಳಗೆ ಇಣುಕುತ್ತಿದ್ದಾರೆ. ಕೆಳಗಿನ ತಿಳಿನೀಲಿ ತೇಪೆ ಒಂದು ಬ್ಯಾಡ್ಮಿಂಟನ್ ಅಂಗಳದಷ್ಟಿದೆ: ಲಂಗರಿಗೆ ಧಾರಾಳ, ಸರಪಳಿಗೆ ಸಾಲದು. ಅವರು ತಲೆಯ ಮೇಲೆ ಕೈಯಾಡಿಸಿ 'ಬೇಡ' ಎನ್ನುತ್ತಾರೆ. ದೋಣಿ ಇನ್ನೊಂದು ಸುತ್ತು ಹೊರಡುತ್ತದೆ.