ಬಯಲುಸೀಮೆಯ ಧೂಳೂ ಎಂಜಿನಿನ ಎಣ್ಣೆಯೂ

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ 2018ರಲ್ಲಿ ಸೌರ ವಿದ್ಯುತ್ ಸ್ಥಾವರವು ಉದ್ಘಾಟನೆಗೊಂಡ ಬಳಿಕ, ಬಂಡಿಜಾಡಿನ ನೆಲದಲ್ಲಿ ಕಾರುಗಳ ಸಂಚಾರ ಹೆಚ್ಚಿತು. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ ರೈತನು ದಿನಗಳನ್ನು ಎಣಿಸುತ್ತಿರಲಿಲ್ಲ. ಗಾಲಿಯ ಕಿರುಗುಟ್ಟುವ ಸದ್ದೇ ಅವನಿಗೆ ಸೂಚನೆ. ಎಂಜಿನಾದರೋ ಕೆಡುವವರೆಗೂ ಮೌನಿ. ಆದುದರಿಂದ ತಯಾರಕರು ಅವಧಿಯನ್ನು ಗೊತ್ತುಮಾಡಿರುವರು: ಇಂದಿನ ಅನೇಕ ಕಾರುಗಳಿಗೆ 10,000 ಕಿಲೋಮೀಟರು ಅಥವಾ 1 ವರ್ಷ, ಇವುಗಳಲ್ಲಿ ಮೊದಲು ಬಂದುದು.

ಈ ಲೆಕ್ಕವು ಸಾಧಾರಣ ರಸ್ತೆಗೆ ಸಲ್ಲತಕ್ಕದ್ದು. ಗಾಳಿಶೋಧಕವನ್ನು ನುಸುಳಿದ ಧೂಳು ಎಣ್ಣೆಯಲ್ಲಿ ಬೆರೆತು ಲೋಹವನ್ನು ತೇಯುತ್ತದೆ; ಹತ್ತಿರದ ಓಡಾಟದಲ್ಲಿ ಎಂಜಿನು ಚೆನ್ನಾಗಿ ಕಾಯದೆ ತೇವವು ಎಣ್ಣೆಯಲ್ಲೇ ಉಳಿಯುತ್ತದೆ. ಇಂಥಲ್ಲಿ ಅವಧಿಯನ್ನು ಮೊಟಕುಗೊಳಿಸಬೇಕೆಂದು ಕೈಪಿಡಿಗಳೇ ವಿಧಿಸುತ್ತವೆ. ಅರ್ಧಕ್ಕಿಳಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಎಣ್ಣೆ ಕಪ್ಪಾಯಿತೆಂಬುದೊಂದೇ ಪ್ರಮಾಣವಲ್ಲ. ಮಸಿಯನ್ನು ತನ್ನಲ್ಲಿ ಹಿಡಿದಿಡುವುದೂ ಅದರ ಕೆಲಸವೇ. ಎಣ್ಣೆಯೊಡನೆ ಅದರ ಶೋಧಕವನ್ನೂ ಬದಲಿಸಿ, ಗಾಳಿಶೋಧಕವನ್ನು ಆಗಲೇ ಪರೀಕ್ಷಿಸತಕ್ಕದ್ದು.