ಸೂಜಿ ಮಾಡಿ ಹೋಗುವವರಲ್ಲ

ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿಗೆ ಹೋಗಿ ಮಂಚದ ಪಕ್ಕ ನಿಂತರೆ, ಸಿರುಗುಪ್ಪ ಕಡೆಯ ಹಿರಿಯರು ಬಹಳ ಸಲ ಕೇಳುವುದು ಇದನ್ನೇ: "ಮತ್ತಿನ ಸೂಜಿ ಮಾಡೋರು ನೀವೇ ಏನ್ರೀ? ದೊಡ್ಡ ಡಾಕ್ಟ್ರು ಯಾವಾಗ ಬರ್ತಾರ?" ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅರಿವಳಿಕೆ ತಜ್ಞನಾಗಿರುವ ನನಗೆ ಆ ಮಾತಿನಿಂದ ಬೇಸರವಿಲ್ಲ. ಅದರ ಹಿಂದಿನ ನಂಬಿಕೆಗೆ ಮಾತ್ರ ಹೆದರುತ್ತೇನೆ. ಸೂಜಿ ಮಾಡಿ ಹೋಗುವವರ ಮುಂದೆ ಎಲ್ಲವನ್ನೂ ಯಾಕೆ ಹೇಳಬೇಕು ಎಂದು ಜನ ಎಷ್ಟೋ ಸಂಗತಿ ಮುಚ್ಚಿಡುತ್ತಾರೆ.

ನಾವು ಎಲ್ಲಿಗೂ ಹೋಗುವುದಿಲ್ಲ. ಪೂರ್ತಿ ಮತ್ತು ಎಂದರೆ ಗಾಢ ನಿದ್ದೆ ಎಂದು ತಿಳಿಯುವುದೇ ಮೊದಲ ತಪ್ಪು. ನಿದ್ದೆಯಲ್ಲಿರುವವನು ಸೊಳ್ಳೆ ಕಚ್ಚಿದರೆ ಮಗ್ಗುಲಾಗುತ್ತಾನೆ, ಗಂಟಲಿಗೆ ಏನಾದರೂ ಸಿಕ್ಕರೆ ಕೆಮ್ಮಿ ಏಳುತ್ತಾನೆ. ಮತ್ತಿನಲ್ಲಿ ಇದ್ಯಾವುದೂ ಇಲ್ಲ. ಸ್ನಾಯು ಸಡಿಲಿಸುವ ಔಷಧ ಕೊಟ್ಟ ಮೇಲೆ ಉಸಿರೂ ತಾನಾಗಿ ಆಡದು, ಅದನ್ನು ನಾವೇ ಆಡಿಸಬೇಕು. ಐದು ನಿಮಿಷಕ್ಕೊಮ್ಮೆಯಾದರೂ ಬಿಪಿ ನೋಡುತ್ತೇವೆ. ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನಿಂದ ಬರುವ ಪಿಕ್ ಪಿಕ್ ಸದ್ದಿಗೆ ಕಿವಿ ಸದಾ ತೆರೆದಿರುತ್ತದೆ. ರಕ್ತದಲ್ಲಿ ಆಕ್ಸಿಜನ್ ಇಳಿದಂತೆ ಆ ಸದ್ದಿನ ಶ್ರುತಿಯೂ ಇಳಿಯುತ್ತದೆ. ಪರದೆಯ ಅಂಕಿ ನೋಡುವ ಮೊದಲೇ ನನ್ನ ಕೈ ಉಸಿರಿನ ಚೀಲದ ಮೇಲಿರುತ್ತದೆ.

"ಒಂದು ಹಿಡಿ ತಿಂದರೆ ಏನಾಗುತ್ತೆ?" ಎಂಬುದು ಮತ್ತೊಂದು ನಂಬಿಕೆ. ಬೆಳಗಾದರೆ ಬಳ್ಳಾರಿಯ ಗಲ್ಲಿಗಲ್ಲಿಯಲ್ಲಿ ಒಗ್ಗರಣೆ, ಮಿರ್ಚಿಯ ವಾಸನೆ. ಹಸಿದ ಮಗನ ಮುಖ ನೋಡಲಾರದೆ ತಾಯಿ ಸೆರಗಿನ ಮರೆಯಲ್ಲಿ ನಾಲ್ಕು ತುತ್ತು ತಿನ್ನಿಸಿಬಿಡುತ್ತಾಳೆ. ಮತ್ತಿನಲ್ಲಿ ಹೊಟ್ಟೆಯೊಳಗಿನದು ಮೇಲೆ ಬಂದರೆ ತಡೆಯುವ ಕೆಮ್ಮಿಲ್ಲ. ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ, ಜೀವವನ್ನೂ ತೆಗೆಯಬಲ್ಲದು. ಹಗುರ ಊಟವಾಗಿ 6 ಗಂಟೆ, ಎಣ್ಣೆಯಲ್ಲಿ ಕರಿದದ್ದಾದರೆ 8 ಗಂಟೆ ಕಳೆದಿರಬೇಕು. ಇದಕ್ಕೆ ಪೂರ್ತಿ ವಿರುದ್ಧವಾಗಿ, ರಾತ್ರಿಯಿಂದ ಹನಿ ನೀರೂ ಕೊಡದೆ ಮಕ್ಕಳನ್ನು ಒಣಗಿಸುವವರೂ ಇದ್ದಾರೆ. ಅದೂ ಬೇಡ. ಬೇರೆ ತೊಂದರೆ ಇಲ್ಲದವರು ಆಪರೇಷನ್ನಿಗೆ 2 ಗಂಟೆ ಮೊದಲಿನವರೆಗೆ ಬರೀ ನೀರು ಕುಡಿಯಬಹುದು.

ಗುಟ್ಕಾ ವಿಷಯ ಕೇಳಿದರೆ ಹುಡುಗರು ತಲೆ ತಗ್ಗಿಸುತ್ತಾರೆ. ನಾನು ಬೈಯುವುದಿಲ್ಲ. ಬಾಯಿ ತೆರೆದು ಮೂರು ಬೆರಳು ಒಂದರ ಮೇಲೊಂದಾಗಿ ಇಡಲು ಹೇಳುತ್ತೇನೆ. ಒಂದೇ ಬೆರಳು ಹೋದರೆ, ಗುಟ್ಕಾದಿಂದ ಬಾಯಿ ಬಿಗಿದು, ಗಂಟಲಿಗೆ ಉಸಿರಿನ ನಳಿಕೆ ಇಳಿಸುವ ದಾರಿಯೇ ಕಿರಿದಾಗಿದೆ ಎಂದರ್ಥ. ಅದು ಹಿಂದಿನ ದಿನವೇ ಗೊತ್ತಾದರೆ ಮೂಗಿನ ಮೂಲಕ ಇಳಿಸಲು ಸಿದ್ಧವಾಗುತ್ತೇವೆ.

ಬಳ್ಳಾರಿಯಲ್ಲಿ ನಾವು ಕೇಳುವ ಇನ್ನೊಂದು ಪ್ರಶ್ನೆಗೆ ಜನ ಸಿಟ್ಟಾಗುವುದುಂಟು: "ನೀವು ಆರ್ಯವೈಶ್ಯರಾ?" ಆಸ್ಪತ್ರೆಯಲ್ಲಿ ಜಾತಿ ಯಾಕೆ ಎಂಬ ಸಿಟ್ಟು ನ್ಯಾಯವಾದದ್ದೇ, ಆದ್ದರಿಂದ ಉತ್ತರ ಕೊಡುವುದು ನಮ್ಮ ಕರ್ತವ್ಯ. ನಳಿಕೆ ಇಳಿಸಲು ನಾವು ಕೊಡುವ ಸ್ಕೋಲಿನ್ ಎಂಬ ಔಷಧ ಸ್ನಾಯುಗಳನ್ನು ಕೆಲವೇ ನಿಮಿಷ ಸಡಿಲಗೊಳಿಸುತ್ತದೆ. ಲಿವರ್ ತಯಾರಿಸುವ, ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಬೇಗ ಒಡೆದುಹಾಕುತ್ತದೆ. ಆ ಕಿಣ್ವದ ಹೆಸರು ಸ್ಯೂಡೋಕೋಲಿನ್‌ಎಸ್ಟರೇಸ್. ತಲೆಮಾರುಗಳಿಂದ ತಮ್ಮೊಳಗೇ ಸಂಬಂಧ ಬೆಳೆಸಿಕೊಂಡು ಬಂದ ವೈಶ್ಯ ಕುಟುಂಬಗಳಲ್ಲಿ ಕೆಲವರಿಗೆ ಈ ಕಿಣ್ವ ಬಹುತೇಕ ಇರುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಈ ಕೊರತೆಯ ವಂಶವಾಹಿ ಬಂದವರಿಗೆ ಹೀಗಾಗುತ್ತದೆ. ದಿನದ ಬದುಕಿನಲ್ಲಿ ಅವರಿಗೆ ಯಾವ ತೊಂದರೆಯೂ ಇಲ್ಲ, ಇದು ಕಾಯಿಲೆಯೂ ಅಲ್ಲ. ಸ್ಕೋಲಿನ್ ಕೊಟ್ಟಾಗ ಮಾತ್ರ ನಿಮಿಷಗಳ ಔಷಧ ಗಂಟೆಗಟ್ಟಲೆ ನಿಲ್ಲುತ್ತದೆ. ಹೊಲಿಗೆ ಮುಗಿದರೂ ರೋಗಿ ಉಸಿರಾಡುವುದಿಲ್ಲ. ಹೊರಗೆ ಕೂತವರು "ಮತ್ತು ಜಾಸ್ತಿ ಕೊಟ್ಟುಬಿಟ್ಟರು" ಎನ್ನುತ್ತಾರೆ. ಔಷಧ ಇಳಿಯುವವರೆಗೆ ವೆಂಟಿಲೇಟರ್ ಮೇಲಿಟ್ಟು ಕಾಯ್ದರೆ ಅವರು ಎದ್ದು ಕೂರುತ್ತಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಆಪರೇಷನ್ ನಂತರ ತಡವಾಗಿ ಎಚ್ಚರಗೊಂಡಿದ್ದರೆ, ಯಾವ ಜಾತಿಯವರೇ ಆಗಿರಿ, ಅದನ್ನು ನಮಗೆ ಹೇಳಿ. ಬೇರೆ ಔಷಧ ಆರಿಸಿಕೊಳ್ಳುತ್ತೇವೆ.

ಸಿಜೇರಿಯನ್ ಆದ ತಾಯಂದಿರದು ಒಂದೇ ದೂರು: "ಬೆನ್ನಿಗೆ ಸೂಜಿ ಮಾಡಿದಾಗಿಂದ ಸೊಂಟ ಹೋಯ್ತು." ಆ ಸೂಜಿಯ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಔಷಧ ಎರಡು ಎಂಎಲ್ ಆಸುಪಾಸು. ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೇ ಚುಚ್ಚುತ್ತೇವೆ. ಚುಚ್ಚಿದ ಕಡೆ ಕೆಲವು ದಿನ ನೋವಿರಬಹುದು, ವರ್ಷಗಟ್ಟಲೆ ಇರದು. ಬಸುರಿನಲ್ಲಿ ಸಡಿಲವಾದ ಕೀಲುಗಳು, ಬಗ್ಗಿ ಹಾಲೂಡಿಸುವುದು, ಮೈ ಕೂಡುವ ಮೊದಲೇ ಭತ್ತದ ನಾಟಿಗೆ ಇಳಿಯುವುದು, ಸೊಂಟ ಹಿಡಿಯುವುದು ಇವುಗಳಿಂದ. ಸಹಜ ಹೆರಿಗೆಯಾದವರಿಗೂ ಈ ನೋವಿದೆ. ಸೂಜಿಯಿಂದ ನಿಜಕ್ಕೂ ಬರಬಹುದಾದದ್ದು, ಎದ್ದು ಕೂತರೆ ಹೆಚ್ಚಾಗಿ ಮಲಗಿದರೆ ಇಳಿಯುವ ತಲೆನೋವು. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಈ ವಿಧಾನವನ್ನು ತನ್ನ ಮೇಲೇ ಪರೀಕ್ಷಿಸಿಕೊಂಡು ಅದೇ ನೋವಿನಿಂದ ದಿನಗಟ್ಟಲೆ ಮಲಗಿದ್ದ. ಈಗಿನ ಸಣ್ಣ ಸೂಜಿಯಲ್ಲಿ ಅದು ಅಪರೂಪ, ಬಂದರೆ ಚಿಕಿತ್ಸೆಯಿದೆ. ಸಹಿಸಿಕೊಂಡು ಮನೆಗೆ ಹೋಗಬೇಡಿ.

ನಮ್ಮ ಕೆಲಸದ ಇನ್ನೊಂದು ಭಾಗ ಐಸಿಯುನಲ್ಲಿ. ಕುರುಗೋಡು, ಸಿರುಗುಪ್ಪದಂಥ ಸೀಮೆಯ ಹಳ್ಳಿಗಳಲ್ಲಿ ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚುವುದು ರಾತ್ರಿ ಹೊತ್ತು. ನೋವಿಲ್ಲ, ಗುರುತೂ ಸರಿಯಾಗಿ ಕಾಣದು. ಬೆಳಗಿನ ಹೊತ್ತಿಗೆ ರೆಪ್ಪೆ ಜೋತುಬಿದ್ದು, ಮಾತು ತೊದಲಿ, ಉಸಿರು ಸೋಲುತ್ತದೆ. "ಕಣ್ಣು ಬಿಡವಲ್ಲ, ಪೈಪ್ ಹಾಕಿ ಹೆಣ ಇಟ್ಕೊಂಡಾರ" ಎಂದು ಬಂಧುಗಳು ಮನೆಗೆ ಒಯ್ಯಲು ಹೊರಡುವುದುಂಟು. ದಯವಿಟ್ಟು ಒಯ್ಯಬೇಡಿ. ನಮ್ಮ ಸ್ನಾಯು ಸಡಿಲಿಸುವ ಔಷಧ ಹಿಡಿಯುವ ಜಾಗವನ್ನೇ, ನರ ಸ್ನಾಯುವನ್ನು ಸೇರುವ ಸಂದನ್ನೇ, ಆ ವಿಷವೂ ಹಿಡಿದಿರುತ್ತದೆ. ಮಿದುಳು ಎಚ್ಚರವಾಗಿಯೇ ಇರಬಹುದು. ವಿಷ ಇಳಿಯುವ ದಿನಗಳವರೆಗೆ ಚಿಕಿತ್ಸೆಯ ಜೊತೆ ಯಂತ್ರ ಉಸಿರಾಡಿಸಿದ ಮೇಲೆ, ನಡೆದುಕೊಂಡೇ ಮನೆಗೆ ಹೋದವರನ್ನು ನಾನು ನೋಡಿದ್ದೇನೆ.

ಅಂಥ ರೋಗಿ ಕಣ್ಣು ತೆರೆಯಲಾರದಿದ್ದರೂ ನಮ್ಮ ಮಾತು ಕೇಳಿಸಿಕೊಳ್ಳುತ್ತಿರಬಹುದು. ಅದಕ್ಕೇ ರೌಂಡ್ಸಿನಲ್ಲಿ ಅವರ ರೆಪ್ಪೆಯನ್ನು ಬೆರಳಿಂದ ಎತ್ತಿ, ಹೆಸರು ಹಿಡಿದು ಕರೆದು, ಇವತ್ತು ಯಾವ ವಾರ, ಹೊರಗೆ ಯಾರು ಕಾಯುತ್ತಿದ್ದಾರೆ ಎಂದು ಹೇಳುತ್ತೇನೆ. ಆಮೇಲೆ ಕಾಲಿನ ಹೆಬ್ಬೆರಳು ಅಲ್ಲಾಡಿಸಲು ಹೇಳಿ, ಅದನ್ನೇ ನೋಡುತ್ತ ನಿಲ್ಲುತ್ತೇನೆ.