ಅಪ್ಪನ ಬರಹ ಪೇಸ್ಟ್ ಮಾಡಿದಾಗ



ಕಳೆದ ವಾರ ರಿಂಗಾಸ್ಕಿಡಿಯ ಮನೆಯಲ್ಲಿ ಕೂತು ಈ ಸಂಚಿಕೆಯ ಪುಟ ಜೋಡಿಸುತ್ತಿದ್ದೆ. ತೀರಿಹೋದ ಅಪ್ಪ ‘ನುಡಿ’ಯಲ್ಲಿ ಟೈಪ್ ಮಾಡಿಟ್ಟಿದ್ದ ಬಾಲ್ಯದ ನೆನಪುಗಳನ್ನು ಎಡಿಟರಿನಲ್ಲಿ ಪೇಸ್ಟ್ ಮಾಡಿದರೆ, ಕನ್ನಡವೇ ಮಾಯ! ಬರೀ ಇಂಗ್ಲಿಷ್ ಅಕ್ಷರ, ಚಿತ್ರವಿಚಿತ್ರ ಚಿಹ್ನೆ.

ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬರೆದ ಕಡತದೊಳಗೆ ಇರುವುದು ರೋಮನ್ ಸಂಕೇತಗಳೇ; ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟು. ನಮ್ಮ ಎಡಿಟರ್ ಬಣ್ಣ, ಗಾತ್ರಗಳ ಜೊತೆ ಫಾಂಟಿನ ಹೆಸರನ್ನೂ ಅಳಿಸುತ್ತದೆ (ಹಾಗೆ ಸೆಟ್ ಮಾಡಿದವನು ನಾನೇ!). ಉಳಿಸಿಕೊಂಡರೂ, ಓದುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಬೇಕಲ್ಲ? ಕೊನೆಗೆ ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿ ಪೇಸ್ಟ್ ಮಾಡಿದೆ. ಎಡವಿದ ಅರ್ಕಾವತ್ತುಗಳನ್ನು ಮೂಲ ನೋಡಿಕೊಂಡು ಒಂದೊಂದಾಗಿ ತಿದ್ದಿದೆ. ಮೂರು ರಾತ್ರಿ ಹಿಡಿಯಿತು. ಅಪ್ಪನನ್ನು ಅಷ್ಟು ನಿಧಾನವಾಗಿ ಹಿಂದೆಂದೂ ಓದಿರಲಿಲ್ಲ.

ಲೇಖನ ಮುಂದಿನ ಪುಟದಲ್ಲಿದೆ. ನುಡಿಯಲ್ಲಿ ಬರೆದು ಕಳಿಸುವವರು ದಯವಿಟ್ಟು ಮೂಲ ಕಡತವನ್ನೂ ಲಗತ್ತಿಸಿ.